ನುಣ್ಣನೆ ಟೈರು

ಜೇವರ್ಗಿಯಲ್ಲಿ ನುಣ್ಣನೆ ಟೈರು ಎಂದರೆ ಸವೆದ ಟೈರು. ಇದರಲ್ಲಿ ಎರಡು ಮಾತಿಲ್ಲ. ಎರೆ ಹೊಲದ ದಾರಿ, ಜಾಲಿ ಮುಳ್ಳು, ಮಳೆ ಬಿದ್ದರೆ ಗಾಲಿಗೆ ಮೆತ್ತಿಕೊಳ್ಳುವ ಕೆಸರು, ಇಂಥ ಕಡೆ ಹಲ್ಲಿದ್ದ ಟೈರಿಗೇ ಮರ್ಯಾದೆ. ಹಲ್ಲು ಹೋದದ್ದು ತಗಡಿನ ಮೇಲೇರುತ್ತದೆ. ಬೇಸಿಗೆ ಕೊನೆಯ ಗಾಳಿಗೆ ತಗಡು ಹಾರಬಾರದೆಂದು ಊರವರೆಲ್ಲ ಮಾಳಿಗೆಯ ಮೇಲೆ ಕಲ್ಲು, ಹಳೆ ಟೈರು ಹೇರಿರುತ್ತಾರೆ. ಸೈಕಲ್ ಅಂಗಡಿಯವರ ತಗಡಿಗಂತೂ ಟೈರಿನ ಬರ ಇರುವುದಿಲ್ಲ.

ಶಿವಕಾಂತಾ ಆಳಂದ ತಾಲೂಕಿನ ನರೋಣಾದಿಂದ ಇಂಥದೊಂದು ಸೈಕಲ್ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದವಳು. ಗಂಡ ಬಸವಂತರಾಯನ ಪಕ್ಕದಲ್ಲಿ ಕೂತು ಪಂಕ್ಚರ್ ತೆಗೆಯುವುದು, ಚೈನ್ ಕೂಡಿಸುವುದು, ಗಾಲಿಯ ಡೊಂಕು ತಿದ್ದುವುದು ಎಲ್ಲ ಕಲಿತಳು. ಹೋಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಬಸವಂತರಾಯ ಯಾರದೋ ಸೈಕಲ್ಲಿಗೆ ಗಾಳಿ ಹೊಡೆಯಲು ಪಂಪಿನ ಮೇಲೆ ಬಾಗಿದವನು ಮತ್ತೆ ನೆಟ್ಟಗೆ ನಿಲ್ಲಲೇ ಇಲ್ಲ. ಪದ್ಮಾಸನ ಹಾಕಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದರು. ಬಂದವರೆಲ್ಲ ಅತ್ತರು. ಶಿವಕಾಂತಾ ಅಳಲಿಲ್ಲ. ಹಟ ಹಿಡಿದು ತಡೆದದ್ದಲ್ಲ. ಅಳು ಬರಲಿಲ್ಲ, ಅಷ್ಟೇ.

ಎದುರು ಮನೆಯ ಗಂಗುಬಾಯಿ ಮೊದಲು, "ಅಳವಾ, ಎದಿ ಹಗುರಾಗ್ತದ" ಎಂದು ಭುಜ ಹಿಡಿದು ಅಲುಗಾಡಿಸಿದಳು. ವಾರದೊಳಗೆ ಅದೇ ಗಂಗುಬಾಯಿ ನಳದ ಮುಂದೆ ನಿಂತು, "ಕಲ್ಲಾಗ್ಯಾಳ ಬಿಡ್ರಿ" ಎಂದಳು. ಆಡುವವರ ಬಾಯಿಗೆ ಬೀಗ ಉಂಟೆ? ಆ ಮಾತು ಶಿವಕಾಂತಾಳ ಕಿವಿಗೆ ಬಿತ್ತು, ಚುಚ್ಚಲಿಲ್ಲ. ರೊಟ್ಟಿ ಬಡಿದಳು, ಉಂಡಳು, ರುಚಿ ತಿಳಿಯಲಿಲ್ಲ. ಹೆಂಚು ತಾಗಿ ಬೆರಳು ಸುಟ್ಟದ್ದು ಗುಳ್ಳೆ ಎದ್ದ ಮೇಲೆ ಕಣ್ಣಿಗೆ ಬಿತ್ತು. ಅಂಗಡಿ ತೆರೆದಳು. ಗಾಳಿ ಎದ್ದು ತಗಡು ಬಡಿಯತೊಡಗಿದ ದಿನ, ಹಿಂದಿನ ಗೋಡೆಗೆ ನೇತಾಡುತ್ತಿದ್ದ ನುಣ್ಣನೆ ಟೈರುಗಳನ್ನೆಲ್ಲ ಇಳಿಸಿ, ಏಣಿ ಹಾಕಿ ಮಾಳಿಗೆಯ ಮೇಲೆ ಒಗೆದು ಬಂದಳು. ಕೆಲಸ ಕೈ ಮಾಡಿತು, ಮನಸ್ಸು ಅಲ್ಲಿರಲಿಲ್ಲ.

ಇನ್ನು ಮಗಳು ಸಪ್ನಾ. ಕಾಲೇಜಿಗೆ ಹೋಗುತ್ತಾಳೆ, ಆದರೆ ಜೀವವೆಲ್ಲ ಬಿಎಂಎಕ್ಸ್ ಸೈಕಲ್ಲಿನ ಮೇಲೆ. ಸಣ್ಣ ಗಾಲಿ, ಗೇರಿಲ್ಲ, ಹಾರಿಸಲೆಂದೇ ಮಾಡಿದ ಸೈಕಲ್ಲು ಅದು. ಬಸವಂತರಾಯ ಹೈದರಾಬಾದಿನ ಗುಜರಿಯಿಂದ ತಂದು ಜೋಡಿಸಿಕೊಟ್ಟಿದ್ದ. ತೊಗರಿ ಸುಗ್ಗಿ ಮುಗಿದು ಎಪಿಎಂಸಿ ಯಾರ್ಡು ಖಾಲಿಯಾದರೆ ಅಲ್ಲಿನ ಕಾಂಕ್ರೀಟು ಕಟ್ಟೆ, ಮೆಟ್ಟಿಲು, ಇಳಿಜಾರು ಎಲ್ಲ ಸಪ್ನಾಳದೇ. ಹೆಣ್ಣುಮಗಳು ಕಟ್ಟೆ ಹಾರುತ್ತಾಳೆಂದು ಊರು ನಾಲ್ಕು ದಿನ ಮೂಗಿನ ಮೇಲೆ ಬೆರಳಿಟ್ಟಿತು. ಬೆರಳು ನೊಂದ ಮೇಲೆ ತೆಗೆಯಿತು.

ಈಗ ಹೈದರಾಬಾದಿನಲ್ಲಿ ಇಂಥ ಸೈಕಲ್ಲಿಗೆಂದೇ ಕಟ್ಟಿದ ಒಂದು ಕಾಂಕ್ರೀಟು ಪಾರ್ಕಿನಲ್ಲಿ ಸ್ಪರ್ಧೆ, ಬರುವ ಭಾನುವಾರ. ಹಳೆ ಟೈರು ಒಡೆದಿತ್ತು. ಶಿವಕಾಂತಾ ಅಂಗಡಿಯಲ್ಲಿದ್ದ ಹೊಸ ಜೋಡಿ ಹಾಕಿಕೊಟ್ಟಳು, ಒಳ್ಳೆಯ ದಪ್ಪ ಹಲ್ಲಿನದು. ಅವತ್ತೇ ಸಂಜೆ ಸಪ್ನಾ ಮೊಳಕೈ ತರಚಿಕೊಂಡು ಮನೆಗೆ ಬಂದಳು.

"ಅವ್ವಾ, ಇದು ಮಣ್ಣಿನ ಟೈರು. ಕಾಂಕ್ರೀಟಿನ ಮ್ಯಾಲ ಹೊಳ್ಳಿಸಿದ್ರ ಹಲ್ಲ ಮಡಚ್ತಾವ, ಗಾಲಿ ಜಾರ್ತದ. ನನಗ ನುಣ್ಣಂದು ಬೇಕು. ಅಗಲ ಇರ್ಬೇಕು, ಬಾಜು ಗಟ್ಟಿ ಇರ್ಬೇಕು, ಗಾಳಿ ಕಲ್ಲಿನಂಗ ತುಂಬಿದ್ರೂ ತಡೀಬೇಕು."

"ಸವದ ಟೈರ ಹಾಕ್ಕೊಂಡು ಹೈದರಾಬಾದಿಗಿ ಹೋಗ್ತಿ ಏನ್ ಬೇ? ನಿಮ್ಮಪ್ಪ ಇದ್ರ ನಗ್ತಿದ್ದ."

"ಅಪ್ಪ ಇದ್ರ ಹುಡುಕಿ ತರ್ತಿದ್ದ" ಎಂದಳು ಸಪ್ನಾ.

ಶಿವಕಾಂತಾ ಅರಿಸಿಣ ಹಚ್ಚಿದಳು. ರಕ್ತ ನೋಡಿ ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ. ಆಗ ಒಂದು ವಿಚಾರ ಬಂತು: ನಾಳೆ ಈ ಮಗಳು ಆ ಟೈರಿನಿಂದಲೇ ಬಿದ್ದು ಏನಾದರೂ ಆದರೆ, ಅವತ್ತೂ ತಾನು ಹೀಗೇ ಇರುತ್ತೇನೇನೋ. ಆ ವಿಚಾರಕ್ಕೂ ಹೆದರಿಕೆ ಆಗಲಿಲ್ಲ. ಹೆದರಿಕೆ ಆಗಲಿಲ್ಲವಲ್ಲ ಎಂಬುದೇ ಅವಳಿಗೆ ಸರಿ ಕಾಣಲಿಲ್ಲ. ಮರುದಿನ ಅಂಗಡಿಗೆ ಬಾಗಿಲು ಹಾಕಿ ಟೈರು ಹುಡುಕಲು ಹೊರಟಳು. ಅಫಜಲಪುರ ನೋಡಿದಳು, ಕಲಬುರಗಿಯ ಅಂಗಡಿ ನೋಡಿದಳು. ಆ ಸಣ್ಣ ಗಾಲಿಗೆ ಎಲ್ಲರ ಹತ್ತಿರ ಇದ್ದದ್ದು ಹಲ್ಲಿನದೇ. ಒಬ್ಬನಂತೂ, "ಸವದದ್ದು ಬೇಕಂದ್ರ ಪುಕ್ಕಟೆ ಒಯ್ಯಿರಿ" ಎಂದು ನಕ್ಕ.

ಶುಕ್ರವಾರ ಮಧ್ಯಾಹ್ನ ಆಳಂದದ ಗೌಸಮೊಹಿದ್ದೀನ ಬಂದ. ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಊರೂರಿನ ಸೈಕಲ್ ಅಂಗಡಿಗೆ ಹಾಕುವವನು, ಬಸವಂತರಾಯನ ಹಳೆ ದೋಸ್ತ. ಕಾಲು ಮುರಿದು ಮಲಗಿದ್ದರಿಂದ ಮಣ್ಣಿಗೂ ಬಂದಿರಲಿಲ್ಲ. ಬಾಗಿಲಲ್ಲಿ ನಿಂತು ಬಹಳ ಹೊತ್ತು ಆ ಪಂಪನ್ನೇ ನೋಡಿದ. ಚಹಾ ಕುಡಿದ. ಆಮೇಲೆ ಕೇಳಿದ:

"ಭಾಬಿ, ಬೇಟಿಗಿ ಆ ಟೈರ ಸರಿ ಕುಂತ್ವಾ?"

"ಯಾವ ಟೈರ್ರೀ ಭಾಯಿ?"

"ಅದೇ, ಹೈದರಾಬಾದಿಂದ ನಾ ತಂದು ಕೊಟ್ಟಿದ್ದು. ನುಣ್ಣಂದು, ಅಗಲಂದು. ಬಸವಂತರಾಯ ನನ್ನ ತಲಿ ತಿಂದಿದ್ದ. ಪಾರ್ಕಿನಾಗ ಓಡ್ಸೋದೇ ಬೇಕು, ಮಣ್ಣಿಂದು ತಂದಿ ಅಂದ್ರ ವಾಪಸ ಕೊಡ್ತೀನಿ ಅಂತಿದ್ದ. ಹುಡುಗಿ ಕಣ್ಣಿಗಿ ಬೀಳಬಾರದು, ಪರೀಕ್ಷೆ ಮುಗಿದ ಮ್ಯಾಲ ಕೊಡ್ತೀನಂತ ನನ್ನ ಎದುರಿಗೇ ಹಿಂದ ಹಳೇ ಟೈರಿನಾಗ ತೂಗ ಹಾಕಿದ್ನಲ್ರೀ."

ಶಿವಕಾಂತಾ ಹಿಂದಿನ ಗೋಡೆ ನೋಡಿದಳು. ಬರೀ ಮೊಳೆ ಇದ್ದವು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದಂತಾಗಿತ್ತು. ಚಹಾದ ಕಪ್ಪು ಕೆಳಗಿಟ್ಟು, ಚಪ್ಪಲಿ ಸಹ ಮೆಟ್ಟದೆ, ಹೊರಗೆ ಹೋಗಿ ಏಣಿ ಹಾಕಿದಳು.

ತಗಡು ಕಾದಿತ್ತು. ಅಂಗಾಲು ಸುಟ್ಟಿತು. "ಸ್ಸ್" ಎಂದು ಕಾಲೆತ್ತಿದಳು, ಆದರೂ ಮುಂದೆ ಹೋದಳು. ಬಿಸಿಲಿಗೆ, ಧೂಳಿಗೆ ಎಲ್ಲ ಟೈರಿಗೂ ಒಂದೇ ಬಣ್ಣ ಬಂದಿತ್ತು. ಸಣ್ಣ ಅಳತೆಯದೊಂದನ್ನು ಎತ್ತಿ ಮಗುಚಿ, ಸೆರಗಿನಿಂದ ಒರೆಸಿದಳು. ಕೆಳಮೈಯಲ್ಲಿ ರಬ್ಬರಿನ ಎಳೆ ಎಳೆ ಕೂದಲು ಎದ್ದು ನಿಂತಿದ್ದವು. ಹೊಸ ಟೈರಿನ ಮೈಗೆ ಮಾತ್ರ ಇರುವ ಕೂದಲು ಅವು, ಸ್ವಲ್ಪ ದೂರ ಓಡಿದರೆ ಉದುರಿ ಹೋಗುತ್ತವೆ. ಇಷ್ಟು ವರ್ಷ ಹೊಸ ಟೈರು ಹಾಕಿದ ಕೈಗೆ ಅವತ್ತು ಒಗೆಯುವಾಗ ಅದು ತಿಳಿದಿರಲಿಲ್ಲ. ಈಗ ಅಂಗೈ ಆಡಿಸಿದಳು. ಬಸವಂತರಾಯ ಸೋಮವಾರಕ್ಕೊಮ್ಮೆ ಗಡ್ಡ ಮಾಡಿಕೊಳ್ಳುತ್ತಿದ್ದ; ಭಾನುವಾರ ರಾತ್ರಿ ಅವನ ಗಲ್ಲ ಹೀಗೇ ಕೈಗೆ ತಾಗುತ್ತಿತ್ತು.

ಕಾದ ತಗಡಿನ ಮೇಲೆ ಹಾಗೇ ಕುಸಿದು ಕೂತು, ಟೈರನ್ನು ಎದೆಗೆ ಅವುಚಿಕೊಂಡು, ಬಾಯಿ ಬಿಟ್ಟು ಅತ್ತಳು. ಓಣಿಯೆಲ್ಲ ಹೊರಗೆ ಬಂದಿತು. ಸಪ್ನಾ ಏಣಿ ಏರಿ ಓಡಿ ಬಂದಳು.

"ಅವ್ವಾ, ಏನಾತು? ಬಿದ್ದೇನು?"

"ನಿಮ್ಮಪ್ಪ ತಂದಿಟ್ಟಿದ್ದ ಬೇ... ಹೊಸಾವು. ಹೊಸಾವು ಅದಾವ ನೋಡು. ನಾ ಸವದಾವಂತ ಒಗದೆ."

ಸಪ್ನಾ ಜೋಡಿಯ ಇನ್ನೊಂದನ್ನು ಹುಡುಕಿ ತೆಗೆದು, ಅವ್ವನ ಪಕ್ಕದಲ್ಲಿ ಕೂತು, ಅದರ ಮೈಮೇಲೆ ತಾನೂ ಕೈ ಆಡಿಸಿದಳು. ಬೆಳಿಗ್ಗೆ ಬಸ್ಸಿತ್ತು, ಅಷ್ಟರೊಳಗೆ ಎರಡನ್ನೂ ಗಾಲಿಗೆ ಹಾಕಬೇಕಿತ್ತು. ಆದರೆ ಏಳುವ ಮಾತು ಇಬ್ಬರೂ ಎತ್ತಲಿಲ್ಲ.

ಕೆಳಗೆ ಗಂಗುಬಾಯಿ ಪಕ್ಕದವಳಿಗೆ, "ಗಂಡ ಸತ್ತಾಗ ಅಳಲಿಲ್ಲ, ಟೈರಿಗಿ ಅಳಾಕತ್ಯಾಳ ನೋಡವಾ" ಎಂದಳು.

ಆ ಮಾತು ಶಿವಕಾಂತಾಳ ಕಿವಿಗೆ ಬಿತ್ತು. ಈ ಸಲ ಚುಚ್ಚಿತು.