ಬೀದಿಯ ಕೆಳಗಿನ ಜೋಳ

ನಾನು ಆ ಊರಿಗೆ ಕಾಲಿಟ್ಟಾಗ ಬೀದಿಯ ನಡುವೆ ಒಬ್ಬ ಮನುಷ್ಯ ನೆಲದೊಳಗೆ ಇಳಿಯುತ್ತಿದ್ದ. ಮೊದಲು ಸೊಂಟ, ಆಮೇಲೆ ಎದೆ, ಕೊನೆಗೆ ರುಮಾಲು, ಅಷ್ಟೂ ಮಾಯ. ನಾನು ಟ್ರಂಕು ಕೆಳಗೆ ಹಾಕಿ “ಅಯ್ಯಯ್ಯೋ!” ಎಂದು ಕೂಗಿಯೇಬಿಟ್ಟೆ. ಸುತ್ತ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

“ಹೆದರಬ್ಯಾಡ್ರಿ ಬಾಯಾರ, ಹಗೇವು ತೆಗ್ಯಾಕತ್ತೇವಿ,” ಎಂದರು ಅವರಲ್ಲಿ ಹಿರಿಯರು. ಅವರೇ ನೀಲವ್ವ, ನನಗೆ ಕೋಣೆ ಬಾಡಿಗೆಗೆ ಕೊಟ್ಟವರು. ಒಳಗಿಳಿದವನು ಪಕ್ಕದ ಮನೆಯ ಮಾಬುಸಾಬ. ಓಣಿಯ ಹಗೇವುಗಳನ್ನು ತೋಡುವುದು, ತುಂಬುವುದು, ತೆಗೆಯುವುದು ಅವನ ಮನೆತನದ ಕೆಲಸ.

ಎಂಬತ್ತರ ದಶಕದ ನಡುವಿನ ಮಾತು ಇದು. ಆಗಿನ್ನೂ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಲ್ಲವೂ ಧಾರವಾಡ ಜಿಲ್ಲೆಯೊಳಗಿದ್ದವು. ಊರುಗಳ ನಕ್ಷೆ ಬರೆಯುವ ಕೆಲಸ ಸಿಕ್ಕಿ ನಾನು ಕುಂದಾಪುರದಿಂದ ಇಲ್ಲಿಗೆ, ಹಲಗೇರಿಯ ಆಚೆಯ ಈ ಸಣ್ಣ ಊರಿಗೆ ಬಂದೆ. ನಮ್ಮ ಕಡೆಯವರಿಗೆ ಹಗೇವು ಎಂದರೆ ಏನೆಂದು ಹೇಳಬೇಕು. ಗಟ್ಟಿ ಗರಸು ನೆಲದಲ್ಲಿ ಹೂಜಿಯ ಹಾಗೆ ತೋಡಿ, ಒಳಗೆಲ್ಲ ಜೋಳದ ದಂಟು ಹಾಸಿ, ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ಅದರ ಮೇಲೆ ಚಕ್ಕಡಿ ಓಡಾಡುತ್ತದೆ, ಮಕ್ಕಳು ಆಡುತ್ತಾರೆ. ನಮ್ಮಲ್ಲಿ ಎರಡು ಮೊಳ ಅಗೆದರೆ ನೀರು! ಅಕ್ಕಿಯನ್ನು ಹುಲ್ಲಿನ ಮುಡಿ ಕಟ್ಟಿ ನೆಲಕ್ಕೆ ತಾಗದ ಹಾಗೆ ಇಡುವ ನಾವು ಇದನ್ನು ಕನಸಿನಲ್ಲೂ ಎಣಿಸುವುದಿಲ್ಲ.

ಮನೆಯೂ ವಿಚಿತ್ರವೇ. ಮುಂಬಾಗಿಲು ದಾಟಿದರೆ ಮೊದಲು ಎತ್ತು, ಆಮೇಲೆ ಮನುಷ್ಯರು. ಖಾರದ ಮೆಣಸಿನಕಾಯಿ ಹಾಕಿದ ಕೆಂಪು ಚಟ್ನಿಗೆ ಮೊದಲ ವಾರ ಕಣ್ಣೀರು ಹಾಕಿದೆ. ಅದರಲ್ಲಿ ಅರ್ಧ ನಮ್ಮ ಊರಿನ ನೆನಪಿನದು, ಸುಳ್ಳೇಕೆ ಹೇಳಲಿ. ಮೀನಿಲ್ಲ, ಕಡಲ ಸದ್ದಿಲ್ಲ. ಆರು ತಿಂಗಳಿಗೆ ನಾನು ತಟ್ಟಿದ ರೊಟ್ಟಿಯೊಂದು ಹರಿಯದೆ ಹೆಂಚು ಮುಟ್ಟಿದ ದಿನ ನೀಲವ್ವ ಓಣಿಯವರನ್ನೆಲ್ಲ ಕರೆದು ತೋರಿಸಿದರು.

ಆಗಲೇ ನಮ್ಮ ಕಚೇರಿಯಲ್ಲಿ ಈ ಊರನ್ನು ಮಾದರಿ ಗ್ರಾಮ ಮಾಡುವ ಯೋಜನೆ ಬಂತು. ಮಳೆಯ ಸೀಮೆಯಿಂದ ಬಂದವಳಿಗೆ ಮೊದಲು ಹೊಳೆದದ್ದು ಚರಂಡಿ. ಸ್ಕೇಲು ಇಟ್ಟು ಓಣಿಯ ಉದ್ದಕ್ಕೂ ನೆಟ್ಟಗೆ ಗೆರೆ ಎಳೆದೆ. ಸಾಹೇಬರ ಸಹಿಯೂ ಬಿತ್ತು. ಸುಣ್ಣದ ಗುರುತು ಹಾಕುವ ದಿನ ನೀಲವ್ವ ಹೊರಗೆ ಬಂದರು.

“ನಾಕು ಹೆಜ್ಜಿ ಆ ಕಡೆ ಸರಸ್ರಿ ಬಾಯಾರ. ಅದರ ಬಾಜೂಕ ನಮ್ಮ ಹಗೇವು ಐತಿ.”

“ಕಲ್ಲು, ಸಿಮೆಂಟು ಹಾಕಿ ಕಟ್ಟುತ್ತೇವೆ ನೀಲವ್ವ, ನೀರು ಸೋರುವುದಿಲ್ಲ.”

ಮಾಬುಸಾಬ ನೆಲಕ್ಕೆ ಕುಕ್ಕರಗಾಲಿನಲ್ಲಿ ಕುಳಿತ. “ಖರೇ ಇರಬಹುದ್ರಿ. ಆದ್ರ ಹೂಳು ತುಂಬಿ ನೀರು ನಿಂತ್ರ? ಬಾಜೂಕ ನಿಂತ ನೀರು ಹಗೇವಿಗೆ ಆಗಿಬರಂಗಿಲ್ರಿ.”

ಅದು ಒಂದು ಮನೆಯ ಜೋಳವಲ್ಲ ಎಂದು ನನಗೆ ಗೊತ್ತಿತ್ತು. ಮಳೆ ಬಾರದ ವರ್ಷ ಓಣಿಯ ಹನ್ನೊಂದು ಮನೆಗೂ ಆ ಹಗೇವು ಬಾಯಿ ತೆರೆಯಬೇಕು. ನೀಲವ್ವನ ಅತ್ತೆಯ ಕಾಲದಿಂದ ಬಂದ ಮಾತು ಅದು. ಗೊತ್ತಿದ್ದೂ ನಾನು ಗೆರೆ ಸರಿಸಲಿಲ್ಲ. ಸರಿಸಬೇಕೆಂದರೆ ಹಾಳೆ ಮತ್ತೆ ಬರೆಯಬೇಕು, ಸಾಹೇಬರ ಮುಂದೆ ನಿಂತು “ಊರಿನ ಹೆಂಗಸೊಬ್ಬರು ಹೇಳಿದರು” ಅನ್ನಬೇಕು. ನನಗೆ ಧೈರ್ಯ ಸಾಲಲಿಲ್ಲ. ಅಷ್ಟೇ, ಬೇರೆ ಕಾರಣವಿರಲಿಲ್ಲ.

ಚರಂಡಿ ಕಟ್ಟಿದ ವರ್ಷದ ಮಳೆಗೇ ಅದರಲ್ಲಿ ಹೂಳು ತುಂಬಿ ನೀರು ನಿಂತಿತು. ಎರಡನೆಯ ವರ್ಷ ಮುಂಗಾರು ಕೈಕೊಟ್ಟಿತು. ಹನ್ನೊಂದು ಮನೆಯವರೂ ಬುಟ್ಟಿ ಹಿಡಿದು ಬಂದರು. ಮಾಬುಸಾಬ ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದ. ಆರಿತು. ಮತ್ತೆ ಕಾದು ಇಳಿಸಿದ, ಮತ್ತೆ ಆರಿತು. ಕೊನೆಗೆ ತಾನು ಇಳಿಯದೆ ಬುಟ್ಟಿಯೊಂದನ್ನೇ ಇಳಿಬಿಟ್ಟು ಬಾಚಿ ಮೇಲೆತ್ತಿದ. ಕಪ್ಪಗೆ ಗಂಟುಗಟ್ಟಿ, ಅಲ್ಲಲ್ಲಿ ಬಿಳಿ ಮೊಳಕೆ ಬಂದ ಜೋಳ. ಆ ವಾಸನೆಗೆ ಎತ್ತುಗಳೂ ಮುಖ ತಿರುಗಿಸಿದವು. ನೀಲವ್ವ ಒಂದು ಹಿಡಿ ತೆಗೆದುಕೊಂಡು ಮೂಸಿ, ಮೆಲ್ಲಗೆ ಬುಟ್ಟಿಗೇ ಹಾಕಿದರು.

“ಮುಚ್ಚಿಬಿಡೋ ಮಾಬಣ್ಣ,” ಎಂದರು. ನನ್ನ ಕಡೆ ನೋಡಲಿಲ್ಲ.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಂದು ಮಧ್ಯಾಹ್ನ ಸಂತೆಯ ಜೋಳದ ರೊಟ್ಟಿ ತಂದು ನನ್ನ ಮುಂದೆ ಇಟ್ಟರು. “ಉಣ್ರಿ ಬಾಯಾರ, ಹೊಟ್ಟಿ ಮ್ಯಾಲೆ ಯಾಕ ಸಿಟ್ಟು?” ಗೋಡೆಗೆ ಮುಖ ಮಾಡಿ ಅತ್ತೆ. ಅವರು ನೀರಿನ ತಂಬಿಗೆ ಇಟ್ಟು ಎತ್ತಿಗೆ ಮೇವು ಹಾಕಲು ಹೋದರು.

ಆ ವರ್ಷ ಊರವರು ತಮಗೂ ಹೀಗಾದೀತೆಂದು ಖಾಲಿ ಬಿದ್ದಿದ್ದ ತಮ್ಮ ತಮ್ಮ ಹಗೇವುಗಳಿಗೆ ಒಂದೊಂದಾಗಿ ಮಣ್ಣು ತುಂಬಿಸತೊಡಗಿದರು. ತುಂಬುವ ಮೊದಲು ನಾನು ಮಾಬುಸಾಬನ ಹಿಂದೆ ನೋಟುಬುಕ್ಕು ಹಿಡಿದು ಊರೆಲ್ಲ ತಿರುಗಿದೆ. ಅವನು ಹಿಮ್ಮಡಿಯಿಂದ ನೆಲ ಕುಟ್ಟುತ್ತಿದ್ದ. ಸದ್ದು ಟೊಳ್ಳಾದಲ್ಲಿ ನಿಂತು “ಇಲ್ಲಿ ಬರೀರಿ” ಅನ್ನುತ್ತಿದ್ದ. ನೀರು ಯಾವ ಸಂದಿಯಲ್ಲಿ ತಾನಾಗಿ ಹರಿಯುತ್ತದೆ, ಎಲ್ಲಿ ಮನೆ ಕಟ್ಟಿದರೆ ಗೋಡೆ ಬಿರುಕು ಬಿಡುತ್ತದೆ, ಎಲ್ಲ ಹೇಳಿದ. ಅದನ್ನೆಲ್ಲ ಸೇರಿಸಿ ನಾನು ಬರೆದ ನಕ್ಷೆಯ ಮೇಲೆ ಕಚೇರಿಯಲ್ಲಿ “ಅನಗತ್ಯ ವಿವರ” ಎಂದು ಬರೆದು ವಾಪಸು ಕೊಟ್ಟರು. ಆದರೂ ಮುಂದಿನ ಎರಡು ಊರುಗಳಲ್ಲಿ ಜಗಳವಾಡಿ ಚರಂಡಿ ಸರಿಸಿದೆ. ನಮ್ಮ ಓಣಿಗೆ ಅದರಿಂದ ಏನೂ ಬರಲಿಲ್ಲ.

ವರ್ಷಕ್ಕೊಮ್ಮೆ ಕುಂದಾಪುರಕ್ಕೆ ಹೋದಾಗ ಅಂಗಳದಲ್ಲಿ ನಡೆಯುತ್ತ ನನಗೆ ಅರಿವಿಲ್ಲದೆ ಹಿಮ್ಮಡಿ ಕುಟ್ಟುತ್ತೇನೆ. “ಎಂತ ಮಾಡ್ತೆ ಮಾರಾಯ್ತಿ?” ಎಂದು ಅಮ್ಮ ಕೇಳುತ್ತಾಳೆ. ಅಲ್ಲಿ ನೆಲ ಎಲ್ಲ ಕಡೆ ಒಂದೇ ಸದ್ದು ಮಾಡುತ್ತದೆ.

ಹಾವೇರಿ ಜಿಲ್ಲೆಯಾದ ಮೇಲೆ ಹೊಸ ಸರ್ವೇಯರ್ ಒಬ್ಬರು ಓಣಿಗೆ ಬಂದರು, ಕೈಯಲ್ಲಿ ನೀರಿನ ಪೈಪಿನ ನಕ್ಷೆ. ನೀಲವ್ವ ನನ್ನ ತೋಳು ಹಿಡಿದು ಅವರ ಮುಂದೆ ನಿಲ್ಲಿಸಿದರು.

“ಇವರನ್ನ ಕೇಳ್ರಿ. ಇವರು ನಮ್ಮೂರವರು. ಹಗೇವು ಎಲ್ಲೆಲ್ಲಿ ಇದ್ವು ಅಂತ ಇವರಿಗೆ ಎಲ್ಲಾ ಗೊತ್ತೈತಿ.”

ನಮ್ಮೂರವರು. ಆ ಒಂದು ಮಾತಿಗೆ ಎಷ್ಟು ವರ್ಷ ಕಾದಿದ್ದೆ! ಟ್ರಂಕಿನಿಂದ ನಕ್ಷೆ ತಂದು ಬಿಚ್ಚಿದೆ. ಸರ್ವೇಯರ್ ಬಗ್ಗಿ ನೋಡಿ ಕೇಳಿದರು: “ಇದರಲ್ಲಿ ಈಗ ಒಂದಾದರೂ ಉಳಿದಿದೆಯಾ ಮೇಡಂ?”

ನೀಲವ್ವನ ಕೈ ಇನ್ನೂ ನನ್ನ ತೋಳ ಮೇಲಿತ್ತು.

“ಇಲ್ರಿ,” ಎಂದೆ.