ಬೆರಳಿಗೆ ಗೊತ್ತಿರ್ಲಿ, ಬಾಯಿಗೆ ಬ್ಯಾಡ

ನಮ್ಮ ಟೈಪಿಂಗ್ ಟೀಚರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸದಾ ನೀಲಿಯಾಗಿರುತ್ತಿದ್ದವು. ಕಾರ್ಬನ್ ಹಾಳೆಯ ನೀಲಿ ಅದು. ನಿಂಬೆ ಸಿಪ್ಪೆ ಉಜ್ಜಿದರೂ ಹೋಗುತ್ತಿರಲಿಲ್ಲ. ಹಬ್ಬದ ದಿನ ನಮ್ಮ ಹಣೆಗೆ ವಿಭೂತಿ ಹಚ್ಚಿದರೆ ಮೂರು ಬಿಳಿ ಗೆರೆಗಳ ಅಂಚಿನಲ್ಲಿ ಎಲ್ಲೋ ಒಂದು ಕಡೆ ಮಸುಕು ನೀಲಿ ಇದ್ದೇ ಇರುತ್ತಿತ್ತು. ಕನ್ನಡಿ ನೋಡಿಕೊಂಡು ನಗುತ್ತಿದ್ದೆವು.

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಒಂದು ಮೆಡಿಕಲ್ ಅಂಗಡಿಯ ಮೇಲೆ ಅವರ ಟೈಪಿಂಗ್ ಶಾಲೆ. ಮದುವೆಯಾಗದೆ ಹರಿಹರದಲ್ಲಿ ತಮ್ಮನ ಮನೆಯಲ್ಲಿದ್ದರು. ಬೆಳಿಗ್ಗೆ ಬಸ್ಸಿಗೆ ಬಂದರೆ ಸಂಜೆ ಬಸ್ಸಿಗೆ ವಾಪಸ್ಸು. ನಮಗೆ ಪಾಠ ಹೇಳುತ್ತಲೇ ಊರಿನವರ ಕಾಗದಪತ್ರ ಟೈಪ್ ಮಾಡಿಕೊಡುತ್ತಿದ್ದರು. ವಿಚ್ಛೇದನದ ಅರ್ಜಿ, ಅಣ್ಣತಮ್ಮಂದಿರ ಪಾಲಿನ ತಕರಾರು, ಮಗ ಮನೆಬಿಟ್ಟು ಹೋದನೆಂದು ಪೊಲೀಸರಿಗೆ ಕೊಡುವ ದೂರು, ಎಲ್ಲ ಅವರ ಬೆರಳ ತುದಿಯಿಂದಲೇ ದಾಟಿ ಹೋಗುತ್ತಿತ್ತು. ದಿನವೂ ಸಂಜೆ ಬಳಸಿದ ಕಾರ್ಬನ್ ಹಾಳೆಗಳನ್ನು ಹಿತ್ತಲಿಗೆ ಒಯ್ದು ಒಂದು ಹಳೆಯ ಎಣ್ಣೆ ಡಬ್ಬಿಯಲ್ಲಿ ಹಾಕಿ ಸುಡುತ್ತಿದ್ದರು. ಬೆಳಕಿಗೆ ಹಿಡಿದರೆ ಕಾರ್ಬನ್ನಿನ ಮೇಲೆ ಅಕ್ಷರಗಳೆಲ್ಲ ಕಾಣುತ್ತವೆ. ನನ್ನ ಜೊತೆಗಿದ್ದ ಒಬ್ಬ ಹುಡುಗಿ ಒಮ್ಮೆ ಹಾಗೆ ಹಿಡಿದು, ಯಾರದೋ ಗಂಡ ಹೆಂಡಿರ ಜಗಳವನ್ನು ಜೋರಾಗಿ ಓದಿ ನಕ್ಕಳು. ಟೀಚರ್ ಅವಳನ್ನು ಅವತ್ತೇ ಬಿಡಿಸಿದರು. ಅವಳ ಅಪ್ಪ ಬಂದು ಕಾರಣ ಕೇಳಿದರೆ, "ಆಕಿಗೆ ಈ ಕೆಲಸ ಒಗ್ಗಂಗಿಲ್ರಿ" ಎಂದಷ್ಟೇ ಹೇಳಿದರು. ನಮ್ಮ ಕಡೆ ತಿರುಗಿ, "ಮಂದಿ ವಿಷಯ ಬೆರಳಿಗೆ ಗೊತ್ತಿರ್ಲಿ, ಬಾಯಿಗೆ ಬ್ಯಾಡ" ಎಂದರು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಟೈಪ್‌ರೈಟರ್ ಕಲಿಯುವವರು ಕಡಿಮೆಯಾದರು. ಟೀಚರ್ ಕಂಪ್ಯೂಟರ್ ತಂದರು, ಫೋನಿನ ಲೈನಿಗೆ ಇಂಟರ್‌ನೆಟ್ ಸೇರಿಸಿದರು. ಮೋಡೆಮ್ ಕಿರುಗುಟ್ಟಿ ಕೂಗಿ ಕೊನೆಗೆ ಸುಮ್ಮನಾದಾಗ "ಹತ್ತಿತು ನೋಡು" ಎಂದು ಚಿಕ್ಕವರ ಹಾಗೆ ಹಿಗ್ಗುತ್ತಿದ್ದರು. ಅದೇ ಸಮಯಕ್ಕೆ ಬೆಂಗಳೂರಿನ ಒಂದು ಕಂಪನಿಯ ಪ್ರತಿನಿಧಿ ಬಂದ. ಅವರದೊಂದು ವೆಬ್‌ಸೈಟ್. ಉಚಿತ ಇಮೇಲ್, ಜಾತಕ, ಡಾಕ್ಟರಿಗೆ ಪ್ರಶ್ನೆ ಕೇಳುವ ಪುಟ, ಎಲ್ಲ ಇತ್ತು. ಟೀಚರ್ ತಮ್ಮ ಗಿರಾಕಿಗಳನ್ನು ಅದಕ್ಕೆ ಸೇರಿಸಿದರೆ ಇಂಟರ್‌ನೆಟ್ ಖರ್ಚನ್ನು ಕಂಪನಿ ನೋಡಿಕೊಳ್ಳುತ್ತದೆ ಎಂದ. ಮಾತು ಬೆಣ್ಣೆಯಂತಿತ್ತು. ಟೀಚರನ್ನು ಅಕ್ಕ ಎಂದೇ ಕರೆದ. ಹರಿಹರಕ್ಕೆ ಹೋಗಿ ಅವರ ಮನೆಯಲ್ಲಿ ರೊಟ್ಟಿ ಉಂಡು ಬಂದ.

ಟೀಚರ್ ಅವನನ್ನು ಕೇಳಿದ್ದು ಒಂದೇ. "ಇಲ್ಲಿ ಬರೆದಿದ್ದನ್ನ ಯಾರಾದ್ರು ಓದ್ತಾರೇನಪ್ಪ?"

"ಡಾಕ್ಟರ್ ಬಿಟ್ಟು ಇನ್ಯಾರೂ ಓದಲ್ಲ, ಅಕ್ಕ."

ಆ ಮಾತನ್ನು ನಾನು ಕಿವಿಯಾರೆ ಕೇಳಿದ್ದೆ. ಕಂಪನಿಯ ಹಳದಿ ಬೋರ್ಡು ಮೆಟ್ಟಿಲ ಬಳಿ ಬಂತು. ಊರಲ್ಲೆಲ್ಲ ಅದೇ ಮಾತು, ದಾವಣಗೆರೆಗೂ ದೊಡ್ಡ ಕಾಲ ಬಂತು ಎಂದು. ಕಂಪ್ಯೂಟರ್ ಅಂದರೆ ಜನರಿಗೆ ದೇವರ ಮೇಲಿದ್ದಷ್ಟೇ ನಂಬಿಕೆ. ಮನುಷ್ಯನಾದರೆ ಚಾಡಿ ಹೇಳುತ್ತಾನೆ, ಯಂತ್ರಕ್ಕೆ ಯಾರ ಮೇಲೆ ದ್ವೇಷ?

ನನ್ನ ಬಲ ಮೊಣಕಾಲಿನ ಕೆಳಗೆ ಒಂದು ಬಿಳಿ ಮಚ್ಚೆ ಎದ್ದಿತ್ತು. ಅಪ್ಪ, ಅಮ್ಮ, ನಾನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹರಿಹರದ ಒಂದು ಮನೆಯಿಂದ ನನ್ನನ್ನು ನೋಡಿಕೊಂಡು ಹೋಗಿ ಒಪ್ಪಿದ್ದರು. ಮಚ್ಚೆಯ ವಿಷಯ ಅವರಿಗೆ ಹೇಳಬೇಕೆಂದು ನಾನು, ಡಾಕ್ಟರಿಗೆ ತೋರಿಸದೆ ಹೇಳುವುದು ಬೇಡವೆಂದು ಅಪ್ಪ. ಊರಿನ ಡಾಕ್ಟರ ಬಳಿ ಹೋದರೆ ಯಾರಾದರೂ ನೋಡಿಯಾರು ಎಂಬ ಅಂಜಿಕೆ ಬೇರೆ. ಆಗ ಆ ಪುಟದ ನೆನಪಾಯಿತು.

"ಟೀಚರ್, ನಾನೊಂದು ಕೇಳ್ಬೇಕಾಗೈತ್ರಿ ಡಾಕ್ಟ್ರಿಗೆ" ಎಂದೆ.

ಅವರು ಏನೆಂದು ಕೇಳಲಿಲ್ಲ. "ಮೂಲೆದು ಖಾಲಿ ಐತೆ, ಕೂಡು. ಭಯ ಬ್ಯಾಡ, ನಾನು ವಿಚಾರಿಸೀನಿ. ನನ್ನ ಮಾತು ಐತೆ, ಬರಿ" ಎಂದರು. ತಮ್ಮ ಕುರ್ಚಿಯನ್ನು ಬೀದಿಯ ಕಡೆ ತಿರುಗಿಸಿಕೊಂಡು ಕೂತರು. ಹೆಸರು, ವಿಳಾಸ ತುಂಬದೆ ಪುಟ ಮುಂದೆ ಹೋಗಲಿಲ್ಲ. ತುಂಬಿದೆ. ಅವಸರದಲ್ಲಿ ನನ್ನ ಹೆಸರಿನಲ್ಲೇ ಒಂದಕ್ಷರ ತಪ್ಪು ಒತ್ತಿದ್ದೆ. ಡಾಕ್ಟರು ಉತ್ತರ ಕೊಟ್ಟರು, ಹೆದರಬೇಡಿ ಎಂದರು. ಅಷ್ಟಕ್ಕೇ ನನ್ನ ಎದೆ ಹಗುರವಾಗಿತ್ತು.

ಕೆಲವು ವಾರದ ಮೇಲೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ನಮ್ಮ ಮನೆಗೆ ಬೀಗ ಹಾಕಿದ್ದರಿಂದ ಪೋಸ್ಟ್‌ಮನ್ ಅದನ್ನು ಪಕ್ಕದ ಮನೆಯಲ್ಲಿ ಕೊಟ್ಟಿದ್ದ. ಲಕೋಟೆಯ ಮೇಲೇ ಕೆಂಪು ದಪ್ಪಕ್ಷರದಲ್ಲಿ 'ತೊನ್ನು? ಚಿಂತೆ ಬಿಡಿ!' ಎಂದು ಅಚ್ಚಾಗಿತ್ತು. ಕೆಳಗೆ ನನ್ನ ಹೆಸರು, ಅದೇ ತಪ್ಪಕ್ಷರದೊಂದಿಗೆ. ಯಾವುದೋ ದೂರದ ಊರಿನ ಔಷಧಿ ವ್ಯಾಪಾರಿಯ ಜಾಹೀರಾತು. ಪಕ್ಕದ ಮನೆಯಾಕೆ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದು ಕೊಟ್ಟಳು. ನಮ್ಮ ಕೊಡದ ನೀರನ್ನು ಅವತ್ತಿನಿಂದ ಅವರ ಮನೆಯವರು ಮುಟ್ಟಲಿಲ್ಲ.

ನನಗೊಬ್ಬಳಿಗೇ ಅಲ್ಲ. ಆನೆಕೊಂಡದ ಒಬ್ಬ ಹೆಣ್ಣುಮಗಳಿಗೆ ಮಕ್ಕಳಾಗುವ ಔಷಧಿಯದು, ಬಟ್ಟೆ ಅಂಗಡಿಯ ಸಾಹುಕಾರರಿಗೆ ಮೂಲವ್ಯಾಧಿಯದು. ಎಲ್ಲರೂ ಟೀಚರ್ ಬಳಿಗೆ ಹೋಗಿಬಂದವರೇ. ಸುದ್ದಿ ಮುಟ್ಟಿ, ನನ್ನನ್ನು ಒಪ್ಪಿದ್ದ ಹರಿಹರದ ಮನೆಯವರು ಮಧ್ಯಸ್ಥರ ಕೈಯಲ್ಲಿ ಬೇಡವೆಂದು ಹೇಳಿ ಕಳಿಸಿದರು. "ಇದ್ದದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ" ಎಂದರಂತೆ.

ಅಪ್ಪ ನನ್ನನ್ನೂ ಎಳೆದುಕೊಂಡು ಟೈಪಿಂಗ್ ಶಾಲೆಗೆ ಹೋದರು. ಸಾಹುಕಾರರು, ಇನ್ನೂ ಒಂದಿಷ್ಟು ಜನ ಅಲ್ಲಿ ಮೊದಲೇ ಸೇರಿದ್ದರು.

"ನಮ್ಮ ಹುಡುಗಿ ವಿಷಯ ನಿಮ್ಮ ಬಾಯಿಂದ ಹೊರಗೆ ಹೋಗೈತೆ. ಹೌದೋ ಅಲ್ಲೋ?" ಅಪ್ಪ ಕೂಗಿದರು.

ಟೀಚರ್ ಎದ್ದು ನಿಂತಿದ್ದರು. "ನನ್ನ ಶಾಲಿಯಿಂದ ಹೋಗೈತೆ. ಅದು ಖರೆ."

"ಯಾರು ಏನು ಬರೆಸಿದ್ರು, ನೀವು ಯಾರಿಗೆ ಹೇಳಿದ್ರಿ, ಎಲ್ಲಾ ಈಗ ಬಿಚ್ಚಿ ಹೇಳ್ರಿ" ಎಂದರು ಸಾಹುಕಾರರು.

"ಯಾರು ಬರೆದ್ರು, ಏನು ಬರೆದ್ರು ಅಂತ ನಾನು ಹೇಳಂಗಿಲ್ರಿ. ಬೈದ್ರೆ ಬೈರಿ."

ಅವಳೇ ಬರೆದಳು, ನಾನು ನೋಡಲೂ ಇಲ್ಲ ಎಂದು ನನ್ನ ಕಡೆ ಕೈ ತೋರಿಸಿದ್ದರೆ ಅವರು ಬಚಾವಾಗುತ್ತಿದ್ದರು. ಹಾಗೆಂದರೆ ನನ್ನ ಕಾಲಿನ ಮಚ್ಚೆ ನಿಜವೆಂದು ಅಷ್ಟು ಜನರೆದುರು ಒಪ್ಪಿದಂತೆ. ಅವರು ತುಟಿ ಕಚ್ಚಿಕೊಂಡು ನಿಂತರು. ಕಣ್ಣು ಕೂಡ ನನ್ನ ಕಡೆ ಹೊರಳಿಸಲಿಲ್ಲ. ನನಗೆ ತಡೆಯಲಾಗಲಿಲ್ಲ.

"ನಾನ ಬರ್ದಿದ್ದು ಅಪ್ಪಾಜಿ. ನನಗೆ ಮಚ್ಚೆ ಐತೆ, ನಾನ ಡಾಕ್ಟ್ರಿಗೆ ಬರ್ದೆ. ಟೀಚರಿಗೆ ಗೊತ್ತಾ ಇರ್ಲಿಲ್ಲ."

ಹಿಂದಿನಿಂದ ಯಾರೋ, "ಹುಡುಗಿಗೂ ಹೇಳಿಕೊಟ್ಟು ತಯಾರು ಮಾಡ್ಯಾರೆ" ಎಂದರು. ಒಂದಿಬ್ಬರು ನಕ್ಕರು.

ಟೀಚರ್ ಕಂಪನಿಯವನನ್ನು ಕರೆಸಿದರು. "ನಿನ್ನ ವಿಷಯ, ನೀನು ಇರಬೇಕು" ಎಂದು ನನ್ನನ್ನೂ ಕೂರಿಸಿಕೊಂಡರು. ಅವನು ಕಂಪ್ಯೂಟರಿನಲ್ಲಿ ಆ ಪುಟದ ತಳಕ್ಕೆ ಹೋಗಿ ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ತೋರಿಸಿದ. ಮಾಹಿತಿಯನ್ನು ಬೇರೆ ಸಂಸ್ಥೆಗಳಿಗೆ ಕೊಡಬಹುದು ಎಂದು ಬರೆದಿತ್ತು.

"ಒಪ್ಪಿದೆ ಅಂತ ಎಲ್ರೂ ಒತ್ತಿದಾರೆ ಅಕ್ಕ. ನಾವೇನೂ ಮುಚ್ಚಿಟ್ಟಿಲ್ಲ."

ಟೀಚರ್ ಪರದೆಯ ಮೇಲೆ ಬೆರಳಿಟ್ಟು ಅದನ್ನು ಪೂರ್ತಿ ಓದಿದರು. ಓದಿ ಮುಗಿಸಿ ಕೇಳಿದರು. "ನಾನು ನಿನ್ನ ಕೇಳಿದ್ದೆ. ಯಾರೂ ಓದಂಗಿಲ್ಲ ಅಂದಿದ್ದೆಲ್ಲೋ."

"ಓದಲ್ಲ ಅಂದಿದ್ದೆ. ಕೊಡಲ್ಲ ಅಂದಿರ್ಲಿಲ್ಲ."

ಅವನು ನಾಚಿಕೊಳ್ಳಲೂ ಇಲ್ಲ. ನನ್ನ ಕಡೆ ನೋಡಿ ಸಮಾಧಾನ ಹೇಳುವವನ ಹಾಗೆ, "ಜನ ನಾಲ್ಕು ದಿನ ಮಾತಾಡ್ತಾರೆ ಸಿಸ್ಟರ್, ಆಮೇಲೆ ಮರೀತಾರೆ" ಎಂದ.

"ನನ್ನ ಮನ್ಯಾಗೆ ಉಂಡಿದ್ದೆ ನೀನು" ಎಂದರು ಟೀಚರ್. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಬೇರೆ ಎಂದೂ ಕೇಳಿಲ್ಲ.

ಅವತ್ತೇ ಹಳದಿ ಬೋರ್ಡನ್ನು ತಾವೇ ಬಿಚ್ಚಿದರು. ಆಮೇಲೆ ಮನೆ ಮನೆಗೆ ಹೊರಟರು. ಆನೆಕೊಂಡ, ಹರಿಹರ, ಸಾರಥಿ ಹಳ್ಳಿ, ಎಲ್ಲಿಂದ ಯಾರು ಬಂದು ಬರೆದು ಹೋಗಿದ್ದರೋ ಅವರೆಲ್ಲರ ಬಾಗಿಲಿಗೆ. ಕೆಲವರು ಬಾಗಿಲು ತೆರೆಯಲಿಲ್ಲವಂತೆ. ನಮ್ಮ ಮನೆಗೂ ಬಂದರು. ಅಪ್ಪ ಕೂಡ್ರಿ ಎನ್ನಲಿಲ್ಲ. ಅಮ್ಮ ನೀರು ಕೊಟ್ಟಳು.

"ನಿಮ್ಮ ಹುಡುಗಿ ನನ್ನ ನಂಬಿದ್ಲು. ನಾನು ಆ ಕಂಪನಿಯವನ್ನ ನಂಬಿದೆ. ಓದಿ ನೋಡ್ಬೇಕಿತ್ತು, ನೋಡ್ಲಿಲ್ಲ. ಇನ್ನು ಅಂಥ ಕಾಗದ ಬಂದ್ರೆ ಅದು ನನ್ನಿಂದ ಬಂತು ಅಂತ ತಿಳ್ಕೊಳ್ರಿ, ಹುಡುಗಿನ್ನ ಬೈಬ್ಯಾಡ್ರಿ" ಎಂದರು. ಲೋಟ ಕೆಳಗಿಟ್ಟು ಹೊರಟರು.

ಆ ಕಂಪನಿಯವನು ಹೇಳಿದ್ದೇ ನಿಜವಾಯಿತು. ಸ್ವಲ್ಪ ದಿನದಲ್ಲೇ ಕಂಪನಿ ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲ ಕೇಂದ್ರ ತೆರೆಯಿತು. ಊರಿನ ದೊಡ್ಡವರು ಟೇಪು ಕತ್ತರಿಸಿದರು. ಕೂಗಾಡಿದ್ದ ಸಾಹುಕಾರರೇ ಮಗನಿಗೆ ಅಲ್ಲಿ ಇಮೇಲ್ ಮಾಡಿಸಿಕೊಟ್ಟು, "ಟೀಚರ್ ಹತ್ರ ಹೋಗಿದ್ದು ನಮ್ಮ ತಪ್ಪು, ಕಂಪನಿಯವ್ರು ಪಾಪ ಏನು ಮಾಡ್ಯಾರು" ಎಂದರು. ಊರೆಲ್ಲ ಅದನ್ನೇ ಹೇಳಿತು. ಗುಟ್ಟು ಮಾರಿದವರ ಬಾಗಿಲಲ್ಲಿ ಜನ ಸಾಲು ನಿಂತರು. ಬಾಗಿಲಿಗೆ ಬಂದು ತಪ್ಪಾಯಿತೆಂದವರನ್ನು ಮಾತ್ರ ಯಾರೂ ಕ್ಷಮಿಸಲಿಲ್ಲ. ಇವತ್ತಿಗೂ ನನಗೆ ಆ ಕಂಪನಿಯ ಮೇಲಿಗಿಂತ ನಮ್ಮ ಊರಿನ ಮೇಲೇ ಸಿಟ್ಟು ಹೆಚ್ಚು.

ಶಾಲೆ ಖಾಲಿಯಾಯಿತು. ಟೀಚರ್ ಒಂದು ಹಳೆಯ ಟೈಪ್‌ರೈಟರ್ ಉಳಿಸಿಕೊಂಡು ಹರಿಹರದ ಕೋರ್ಟಿನ ಎದುರು ಬೇವಿನ ಮರದಡಿ ಮೇಜು ಹಾಕಿದರು. ಅಪ್ಪನಿಗೆ ಇಷ್ಟವಿರಲಿಲ್ಲ, ಆದರೂ ನಾನು ಬಸ್ಸು ಹತ್ತಿ ಅಲ್ಲಿಗೇ ಹೋಗಿ ಕಲಿಕೆ ಮುಗಿಸಿದೆ. ಅಷ್ಟು ದಿನದಲ್ಲಿ ಅವರು ಒಮ್ಮೆಯೂ ಮಚ್ಚೆಯ ವಿಷಯ ಎತ್ತಲಿಲ್ಲ. ಮುಂದೆ ನನಗೆ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ರೋಗಿಗಳ ದಾಖಲೆಯ ವಿಭಾಗದಲ್ಲಿ. ಎಷ್ಟೋ ಮನೆಗಳ ನೋವು ನನ್ನ ಕೈಯಿಂದ ದಾಟಿ ಹೋಗಿದೆ, ಮನೆಯವರ ಹತ್ತಿರವೂ ನಾನು ಅದರ ಮಾತು ಆಡಿಲ್ಲ. ನನ್ನ ಮದುವೆಯೂ ಆಯಿತು. ಅವರು ನೋಡಲು ಬಂದ ಮೊದಲ ದಿನವೇ ಮಚ್ಚೆಯನ್ನು ನಾನಾಗಿಯೇ ತೋರಿಸಿದ್ದೆ.

ಟೀಚರ್ ತೀರಿಕೊಂಡ ಸುದ್ದಿ ಬಂದಾಗ ಹರಿಹರಕ್ಕೆ ಓಡಿದೆ. ಮನೆಮಂದಿಯಷ್ಟೇ ಇರುತ್ತಾರೆ ಎಂದುಕೊಂಡಿದ್ದೆ. ಅಂಗಳದ ತುಂಬ ಜನ. ಗೋಡೆಗೆ ಒರಗಿ ಸೆರಗು ಬಾಯಿಗೆ ಒತ್ತಿಕೊಂಡ ಹೆಂಗಸು, ಕರಿಕೋಟಿನ ವಕೀಲರು, ಸಾರಥಿಯಿಂದ ಬಂದ ಮುದುಕ. ಮುದುಕ ತಾಯಿ ಸತ್ತ ಮಗುವಿನ ಹಾಗೆ ಅಳುತ್ತಿದ್ದ. ಟೀಚರ ತಮ್ಮ ಅವನ ಹೆಗಲು ಹಿಡಿದು, "ನಿಮಗೆ ಅಕ್ಕ ಹೆಂಗೆ ಪರಿಚಯ್ರಿ ಯಜಮಾನ್ರೆ?" ಎಂದು ಕೇಳಿದರು.

"ಒಂದು ಅರ್ಜಿ ಬರೆಸಿದ್ದೆ" ಎಂದ.

ಏನು ಅರ್ಜಿ ಎಂದು ಯಾರೂ ಕೇಳಲಿಲ್ಲ. ನನ್ನನ್ನು ಕೇಳಿದಾಗ ನಾನೂ "ಟೈಪಿಂಗ್ ಕಲ್ತಿದ್ದೆ" ಎಂದಷ್ಟೇ ಹೇಳಿದೆ. ಹೂಳುವಾಗ ಎಲ್ಲರ ಜೊತೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಅಲ್ಲಿ ಅಷ್ಟು ಜನ ಒಟ್ಟಿಗೆ ಅತ್ತೆವು. ಒಬ್ಬರ ಗುಟ್ಟು ಒಬ್ಬರಿಗೆ ಗೊತ್ತಿರಲಿಲ್ಲ.