ಬಚ್ಚಲಿನ ಗೋಣಿತಟ್ಟು

ಮಡಗಾಂವ್‌ನ ನಮ್ಮ ಮನೆಯ ಬಚ್ಚಲಿನ ನೆಲ ಸವೆದು ನುಣುಪಾಗಿತ್ತು. ಅವ್ವ ಗೋಣಿತಟ್ಟು ಹಾಸಿಕೊಂಡು, ನಲ್ಲಿ ಹಿಡಿದುಕೊಂಡೇ ಸ್ನಾನ ಮಾಡುತ್ತಿದ್ದಳು. ‘ಕಾಲು ಜಾರತೈತೋ ತಮ್ಮಾ’ ಅಂದಾಗಲೆಲ್ಲ ‘ಭಾನುವಾರ ಮಾಡೂಣು, ತಡಿ ಬೇ’ ಎನ್ನುತ್ತಿದ್ದೆ. ಆ ಭಾನುವಾರ ಬರಲೇ ಇಲ್ಲ.

ಕಳೆದ ತಿಂಗಳು ಧಾರವಾಡದಿಂದ ಮಗಳ ಅತ್ತೆ-ಮಾವ ಬರುತ್ತೇವೆಂದು ಫೋನ್ ಮಾಡಿದರು. ಬೀಗರನ್ನು ಆ ಹರಕು ತಟ್ಟಿನ ಮೇಲೆ ನಿಲ್ಲಿಸುವುದೇ? ಮರುದಿನವೇ ರಜೆ ಹಾಕಿ ಸಿಮೆಂಟ್ ತಂದೆ. ಹಳೆಯ ನೆಲ ಕೆತ್ತಿ, ಹೊಸದಾಗಿ ಸಿಮೆಂಟ್ ಹಾಕಿ, ಜಾರದಿರಲೆಂದು ಹಸಿ ಇರುವಾಗಲೇ ಕಸಬರಿಗೆಯಿಂದ ಗೆರೆ ಎಳೆದೆ.

ಬೀಗರು ಬಂದು ಹೋದರು. ಅವ್ವ ತಟ್ಟನ್ನು ಒಣಗಿಸಿ ಮಡಚುತ್ತ ಅಂದಳು:

‘ನೆಲ ಭಾಳ ಚಲೋ ಆಗೇತಪಾ. ಬೀಗರು ಆಗಾಗ ಬರ್ತಿರ್ಲಿ.’

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ.